ಬಿದ್ದವನಿಗೂ ಲಾಠಿ ಏಟು, ಸುತ್ತ ನಿಂತಿದ್ದ ನಾವು ಹೇಡಿಗಳಾ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಕೆಲವು ವಾರಗಳ ಹಿಂದೆ ನಮ್ಮ ಗೇಟಿನ ಹತ್ತಿರ ವಿದ್ಯಾರ್ಥಿವೇತನದ ವಿಷಯಕ್ಕೆ ಧರಣಿ ಇತ್ತು. ನಾನು ಧರಣಿಯಲ್ಲಿ ಇರಲಿಲ್ಲ, ಬಸ್ಸಿಗೆ ಕಾಯುತ್ತಿದ್ದೆ. ತಳ್ಳಾಟ ಶುರುವಾಯಿತು, ಪೊಲೀಸರು ಲಾಠಿ ಬೀಸಿದರು. ನಮ್ಮ ಕ್ಲಾಸಿನ ಹುಡುಗ ಕೆಳಗೆ ಬಿದ್ದ. ಬಿದ್ದ ಮೇಲೂ ಎರಡು ಮೂರು ಏಟು ಬಿತ್ತು. ಸುತ್ತ ತುಂಬಾ ಜನ ಇದ್ದೆವು. ಕೆಲವರು ವಿಡಿಯೋ ಮಾಡಿದರು, ಒಂದಿಬ್ಬರು ಕೂಗಿದರು. ಹತ್ತಿರ ಯಾರೂ ಹೋಗಲಿಲ್ಲ. ಅವನನ್ನು ವ್ಯಾನಿಗೆ ಹತ್ತಿಸಿದರು, ಸಂಜೆ ಬಿಟ್ಟರು. ಈಗ ಅವನು ನಮಗೆ ಮುಖ ಕೊಟ್ಟು ಮಾತಾಡುವುದಿಲ್ಲ. ನಾವು ಹೇಡಿಗಳಾ? ಹತ್ತಿರ ಹೋಗಿದ್ದರೆ ನಮ್ಮ ಮೇಲೂ ಕೇಸ್ ಆಗುತ್ತಿತ್ತಾ? ನನ್ನ ಫೋನಿನಲ್ಲೂ ಒಂದು ವಿಡಿಯೋ ಇದೆ. ಅದನ್ನು ಏನು ಮಾಡಲಿ?

ಉತ್ತರ: ಹೇಡಿಗಳಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಕ್ರಿಮಿನಲ್ ಕೇಸುಗಳ ವಕೀಲ, ಜೊತೆಗೆ ಅಪರಾಧಶಾಸ್ತ್ರದ ಪಾಠವನ್ನೂ ಮಾಡುತ್ತೇನೆ. ಪೊಲೀಸ್ ಏಟು ಕಣ್ಣಾರೆ ನೋಡಿದವರು ನನ್ನೆದುರು ಕೂತಾಗ ಹೆಚ್ಚಾಗಿ ಇದನ್ನೇ ಹೇಳುತ್ತಾರೆ: "ನಾವು ಸುಮ್ನೆ ನಿಂತಿದ್ವಿ ಸರ್." ನಿಂತಿದ್ದೇ ತಪ್ಪು ಅನ್ನುವ ಧಾಟಿಯಲ್ಲಿ. ನನ್ನ ಪ್ರಕಾರ ಓಡಿಹೋಗದೆ ನಿಂತಿರಲ್ಲ, ಅಲ್ಲಿಗೆ ಅರ್ಧ ಕೆಲಸ ಆಯಿತು. ಉಳಿದರ್ಧ ಅಂದರೆ ನೋಡಿದ್ದನ್ನು ಹೇಳುವುದು. ಅದಕ್ಕೆ ಇನ್ನೂ ಟೈಮ್ ಇದೆ.

ಮೊದಲು, ಯಾಕೆ ಕಾಲು ಕದಲಲಿಲ್ಲ ಅನ್ನುವುದನ್ನು ನೋಡೋಣ. ರಸ್ತೆಯಲ್ಲಿ ಇಬ್ಬರು ಹೊಡೆದಾಡುತ್ತಿದ್ದರೆ ನೀವು ಬಿಡಿಸುತ್ತೀರಿ, ಇಲ್ಲವೇ 112ಕ್ಕೆ ಫೋನ್ ಮಾಡುತ್ತೀರಿ. ಇಲ್ಲಿ 112ಕ್ಕೆ ಫೋನ್ ಮಾಡಿದರೆ ಬರಬೇಕಾದವರೇ ಹೊಡೆಯುತ್ತಿದ್ದಾರೆ. ಇನ್ನು ಯಾರನ್ನು ಕರೆಯುವುದು? ಏಟು ತಿನ್ನುತ್ತಿರುವವನು ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದೂ ನಿಮಗೆ ಗೊತ್ತಿಲ್ಲ. ನೀವು ಬಸ್ ಸ್ಟಾಪಿನಲ್ಲಿ ಇದ್ದವರು. 'ಏನೋ ಮಾಡಿರಬೇಕು, ಇಲ್ಲದಿದ್ದರೆ ಯಾಕೆ ಹೊಡೀತಾರೆ' ಅಂತ ಒಂದು ಕ್ಷಣ ಮನಸ್ಸು ಹೇಳಿರುತ್ತದೆ. ಎಲ್ಲರ ಮನಸ್ಸೂ ಹೇಳುತ್ತದೆ. ಖಾಕಿಗೆ ಆ ತೂಕ ಇದೆ.

ಗುಂಪಿನ ಮನಸ್ಸಿನ ಬಗ್ಗೆ ಹಳೆಯ ಪ್ರಯೋಗ ಒಂದಿದೆ. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಯಾವುದೋ ಫಾರಂ ತುಂಬಲು ಕೊಟ್ಟರು. ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕೂತಿದ್ದಾಗ ನೂರಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಏನೂ ಆಗಿಲ್ಲ ಅನ್ನುವಂತೆ ನಟಿಸುವ ಇಬ್ಬರನ್ನು ಕೂರಿಸಿದಾಗ ಹಾಗೆ ಎದ್ದು ಹೋದವರು ನೂರಕ್ಕೆ ಹತ್ತು. ಉಳಿದವರು ಹೊಗೆಯಲ್ಲೇ ಕೆಮ್ಮುತ್ತಾ ಫಾರಂ ತುಂಬಿದರು. ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಸುಮ್ಮನಿದ್ದರೆ ಇದು ಅಷ್ಟು ದೊಡ್ಡ ವಿಷಯ ಇರಲಿಕ್ಕಿಲ್ಲ ಅಂದುಕೊಳ್ಳುತ್ತಾರೆ. ಪಕ್ಕದವರೂ ಇವರ ಮುಖ ನೋಡಿ ಅದನ್ನೇ ಅಂದುಕೊಂಡಿರುತ್ತಾರೆ.

ಈ ಪ್ರಯೋಗ ಇಟ್ಟುಕೊಂಡು 'ಗುಂಪು ಯಾವತ್ತೂ ಕಲ್ಲು' ಅಂತ ಪಾಠ ಮಾಡುವವರು ಬಹಳ ಜನ. ಅದು ಪೂರ್ತಿ ಸರಿ ಅಲ್ಲ. ಆಮೇಲೆ ಆಮ್‌ಸ್ಟರ್‌ಡಾಮ್, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳಲ್ಲಿ ಬೀದಿ ಜಗಳದ 219 ಸಿಸಿಟಿವಿ ದೃಶ್ಯಗಳನ್ನು ಸಂಶೋಧಕರು ಕೂತು ನೋಡಿದರು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಕನಿಷ್ಠ ಒಬ್ಬ ಹೊರಗಿನವರು ನಡುವೆ ಬಂದಿದ್ದರು. ಸುತ್ತ ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಒಬ್ಬರು ಬರುವ ಸಾಧ್ಯತೆ ಜಾಸ್ತಿ ಇತ್ತು. ಅಂದರೆ ಕಣ್ಣೆದುರು ಹೊಡೆತ ಕಂಡಾಗ ಜನ ಮುಂದೆ ಬರುತ್ತಾರೆ. ನಿಮ್ಮ ಗೇಟಿನ ಹತ್ತಿರವೂ ಇಬ್ಬರು ಹುಡುಗರು ಹೊಡೆದಾಡಿದ್ದರೆ ಹತ್ತು ಜನ ನುಗ್ಗಿ ಬಿಡಿಸುತ್ತಿದ್ದರು, ಅಲ್ವಾ? ಕೈ ಕಟ್ಟಿದ್ದು ಲಾಠಿ ಹಿಡಿದವರ ಬಟ್ಟೆ.

ಕೈ ಕಟ್ಟುವ ಇನ್ನೊಂದು ವಿಷಯ ನಮ್ಮ ಕಡೆಯದು. ತುಮಕೂರಿನ ಯಾವ ಲೈಬ್ರರಿಗೆ ಬೇಕಾದರೂ ಹೋಗಿ ನೋಡಿ. ಪಾವಗಡದಿಂದ, ಸಿರಾದಿಂದ, ಮಧುಗಿರಿಯಿಂದ ಬಂದ ಹುಡುಗರು ಹುಡುಗಿಯರು ಬೆಳಗ್ಗೆಯಿಂದ ಕೂತಿರುತ್ತಾರೆ. ಮುಂದೆ ಕೆಎಎಸ್, ಎಫ್‌ಡಿಎ, ಪಿಎಸ್‌ಐ, ಕಾನ್‌ಸ್ಟೇಬಲ್ ಪುಸ್ತಕಗಳು. ಅವತ್ತು ಅಲ್ಲಿ ನಿಂತಿದ್ದವರಲ್ಲಿ ಮುಂದಿನ ವರ್ಷ ಖಾಕಿ ಹಾಕಬೇಕು ಅಂತ ಓದುತ್ತಿರುವವರೂ ಇದ್ದಿರಬಹುದು. ಒಂದು ಎಫ್‌ಐಆರ್ ಬಿದ್ದರೆ ವೆರಿಫಿಕೇಶನ್ ಕಥೆ ಏನು ಅನ್ನುವ ಭಯ ಅವರ ತಲೆಯಲ್ಲಿ ಮೊದಲು ಬರುತ್ತದೆ. ಮನೆಯಿಂದ ದಿನಾ ಬರುವ ಫೋನಿನಲ್ಲೂ 'ಗಲಾಟೆ ಕಡೆ ಹೋಗಬೇಡ' ಅನ್ನುವುದು ಇದ್ದೇ ಇರುತ್ತದೆ. ಅದು ಹೇಡಿತನ ಅಲ್ಲ, ಲೆಕ್ಕಾಚಾರ. ಆ ಲೆಕ್ಕ ಎಷ್ಟು ಸರಿ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಬೇರೆ ಕ್ಯಾಂಪಸ್ಸುಗಳಲ್ಲಿ ಸುತ್ತ ಇದ್ದವರು ಏನು ಮಾಡಿದರು ಅನ್ನುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

2006ರ ನವೆಂಬರ್ 14ರ ರಾತ್ರಿ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾವೆಲ್ ಲೈಬ್ರರಿ. ರಾತ್ರಿ 11ರ ಮೇಲೆ ಐಡಿ ಕಾರ್ಡ್ ತೋರಿಸಬೇಕು ಅನ್ನುವ ನಿಯಮ. ಒಬ್ಬ ವಿದ್ಯಾರ್ಥಿ ತೋರಿಸಲಿಲ್ಲ. ಕ್ಯಾಂಪಸ್ ಪೊಲೀಸರು ಬಂದರು, ಮಾತಿಗೆ ಮಾತು ಬೆಳೆಯಿತು. ಕರೆಂಟ್ ಶಾಕ್ ಕೊಡುವ ಟೇಸರ್ ಗನ್ನಿನಿಂದ ಅವನಿಗೆ ಮತ್ತೆ ಮತ್ತೆ ಶಾಕ್ ಕೊಟ್ಟರು. 'ಎದ್ದೇಳು' ಅನ್ನುವುದು, ಏಳದಿದ್ದರೆ ಮತ್ತೆ ಶಾಕ್ ಕೊಡುವುದು. ಓದುತ್ತಾ ಕೂತಿದ್ದವರೆಲ್ಲ ಎದ್ದು ಬಂದರು. ಅವರು ಪೊಲೀಸರ ಮೇಲೆ ಬೀಳಲಿಲ್ಲ. ಕೆಲವರು ನಿಲ್ಲಿಸಿ ಎಂದು ಕೂಗಿದರು. ಕೆಲವರು ನೇರವಾಗಿ ಹೋಗಿ ನಿಮ್ಮ ಹೆಸರೇನು, ಬ್ಯಾಡ್ಜ್ ನಂಬರ್ ಎಷ್ಟು ಎಂದು ಕೇಳಿದರು. ಹಾಗೆ ಕೇಳಿದವರೊಬ್ಬರಿಗೆ 'ಹಿಂದೆ ಹೋಗು, ಇಲ್ಲ ಅಂದ್ರೆ ನಿನಗೂ ಟೇಸರ್' ಎಂಬ ಬೆದರಿಕೆ ಬಂತು. ಒಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿದರು. 2006ರ ಫೋನ್, ಚಿತ್ರ ಸರಿಯಾಗಿ ಕಾಣುವುದೂ ಇಲ್ಲ, ಆದರೆ ಧ್ವನಿ ಸ್ಪಷ್ಟ. ವಿಶ್ವವಿದ್ಯಾಲಯ ಹೊರಗಿನವರಿಂದ ತನಿಖೆ ಮಾಡಿಸಬೇಕಾಯಿತು. ಟೇಸರ್ ಬಳಸಿದ್ದು ತಪ್ಪು ಎಂದು 2007ರಲ್ಲಿ ವರದಿ ಬಂತು. 2009ರಲ್ಲಿ ಆ ವಿದ್ಯಾರ್ಥಿಗೆ 2,20,000 ಡಾಲರ್ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡರು.

ಅವತ್ತು ರಾತ್ರಿ ಶಾಕ್ ನಿಲ್ಲಿಸಲು ಆ ಜನರಿಂದ ಆಗಲಿಲ್ಲ. ಇದನ್ನು ಗಮನಿಸಿ. ಅವರು ಗೆದ್ದಿದ್ದು ಆಮೇಲೆ.

2007ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಭಾಂಗಣದಲ್ಲೂ ಇಂಥದ್ದೇ ನಡೆಯಿತು. ಸೆನೆಟರ್ ಜಾನ್ ಕೆರಿ ಅವರಿಗೆ ಉದ್ದುದ್ದ ಪ್ರಶ್ನೆ ಕೇಳುತ್ತಿದ್ದ ವಿದ್ಯಾರ್ಥಿಯನ್ನು ಪೊಲೀಸರು ಎಳೆದು, ನೆಲಕ್ಕೆ ಕೆಡವಿ, ಟೇಸರ್ ಹಾಕಿದರು. ಸಭಿಕರಲ್ಲಿ ಬಹುಪಾಲು ಜನ ಕುರ್ಚಿ ಬಿಟ್ಟು ಏಳಲಿಲ್ಲ. ಲೈಬ್ರರಿಯಲ್ಲಿ ಓದುವವರು ಒಬ್ಬೊಬ್ಬರೇ ಎದ್ದು ಬಂದಿದ್ದರು. ಸಭೆಯಲ್ಲಿ ಕೂತವರಿಗೆ ಸಭೆಯ ಶಿಸ್ತು ಇತ್ತು, ವೇದಿಕೆಯ ಮೇಲೆ ದೊಡ್ಡವರಿದ್ದರು, ಅವರೇ ಏನಾದರೂ ಮಾಡುತ್ತಾರೆ ಅನ್ನುವ ನಂಬಿಕೆ ಇತ್ತು. ದೊಡ್ಡವರು ಇರುವ ಜಾಗದಲ್ಲಿ ಚಿಕ್ಕವರು ಕಾಯುತ್ತಾರೆ. ನಿಮ್ಮ ಗೇಟಿನಲ್ಲಿ ಮೇಷ್ಟ್ರುಗಳು ಯಾರಾದರೂ ನಿಂತಿದ್ದರಾ? ನೀವು ಬರೆದಿಲ್ಲ. ನಿಂತಿದ್ದರೆ ನಿಮ್ಮೆಲ್ಲರ ಕಣ್ಣು ಒಮ್ಮೆಯಾದರೂ ಅವರ ಕಡೆ ಹೋಗಿರುತ್ತದೆ.

ಮೇಷ್ಟ್ರ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಜನಕ್ಕೆ ಗಾಯ. ಆಮೇಲೂ ಸಿಟ್ಟಿನಲ್ಲಿ ನೂರಾರು ಹುಡುಗರು ಅಲ್ಲೇ ಕೂತರು. ಮತ್ತೆ ಗುಂಡು ಬೀಳುವ ಪರಿಸ್ಥಿತಿ. ಆಗ ಗ್ಲೆನ್ ಫ್ರಾಂಕ್ ಎಂಬ ಭೂವಿಜ್ಞಾನದ ಮೇಷ್ಟ್ರು ಸೈನ್ಯದ ಅಧಿಕಾರಿಗಳ ಹತ್ತಿರ ಹೋಗಿ ಸ್ವಲ್ಪ ಟೈಮ್ ಕೇಳಿದರು. ತಿರುಗಿ ಬಂದು ಹುಡುಗರ ಮುಂದೆ ಅಳುತ್ತಾ, ದಯವಿಟ್ಟು ಹೊರಡಿ ಎಂದು ಬೇಡಿಕೊಂಡರು. ಹುಡುಗರು ಎದ್ದರು. ಎರಡು ಕಡೆಯವರೂ ಮಾತು ಕೇಳುವಂಥ ಒಬ್ಬ ಮನುಷ್ಯ ನಡುವೆ ಬಂದರೆ ಎಷ್ಟು ಜೀವ ಉಳಿಯಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಇದು. ಪ್ರಿನ್ಸಿಪಾಲರು, ರಿಜಿಸ್ಟ್ರಾರ್, ವಾರ್ಡನ್ ಯಾರೇ ಆಗಲಿ, ಚೇಂಬರಿನಲ್ಲಿ ಕೂತು ಫೋನ್ ಮಾಡುವುದಕ್ಕಿಂತ ಗೇಟಿಗೆ ಬಂದು ನಿಂತರೆ ಕೆಲಸ ಬೇಗ ಆಗುತ್ತದೆ. ಕೆಂಟ್ ಸ್ಟೇಟ್ ಗೋಲಿಬಾರಿನ ಆಮೇಲೆ ಗ್ಯಾಲಪ್ ಸಂಸ್ಥೆ ನಡೆಸಿದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 58 ಜನ ತಪ್ಪು ವಿದ್ಯಾರ್ಥಿಗಳದ್ದೇ ಎಂದರು. ದೂರದಲ್ಲಿ ಪೇಪರ್ ಓದಿದವರಿಗೂ ಹತ್ತಿರದಿಂದ ನೋಡಿದವರಿಗೂ ಇರುವ ಅಂತರ ಅಷ್ಟು.

2011ರ ನವೆಂಬರ್ 18ರ ಡೇವಿಸ್ ಘಟನೆ ನೀವು ನೋಡಿರಬಹುದು. ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್ಸಿನಲ್ಲಿ ದಾರಿಯ ಮೇಲೆ ಕೈ ಕೈ ಹಿಡಿದು ಕೂತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಒಬ್ಬ ಅಧಿಕಾರಿ ಗಿಡಕ್ಕೆ ಔಷಧಿ ಹೊಡೆದ ಹಾಗೆ ಪೆಪ್ಪರ್ ಸ್ಪ್ರೇ ಹೊಡೆದರು. ಸುತ್ತ ದೊಡ್ಡ ಗುಂಪು. ಗುಂಪು 'ನಾಚಿಕೆ ಆಗಬೇಕು ನಿಮಗೆ' ಎಂದು ಒಂದೇ ದನಿಯಲ್ಲಿ ಕೂಗತೊಡಗಿತು. ಪೊಲೀಸರೂ ಗಾಬರಿಯಾಗಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಅಲ್ಲಿಂದ ಅದು ಕಲ್ಲು ತೂರಾಟವೂ ಆಗಬಹುದಿತ್ತು. ಅಷ್ಟರಲ್ಲಿ ಗುಂಪಿನ ಒಬ್ಬ ಒಂದೊಂದು ಸಾಲು ಹೇಳುವುದು, ಉಳಿದವರು ಅದನ್ನೇ ಒಟ್ಟಿಗೆ ಹೇಳುವುದು ಶುರುವಾಯಿತು. ನೀವು ಹೋಗಬಹುದು, ನಾವು ನಿಮ್ಮ ಹಿಂದೆ ಬರುವುದಿಲ್ಲ ಎಂದು ಪೊಲೀಸರಿಗೇ ದಾರಿ ಬಿಟ್ಟರು. ಪೊಲೀಸರು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟುಹೋದರು. ಮಾರನೆಯ ದಿನ ರಾತ್ರಿ ಕುಲಪತಿ ತಮ್ಮ ಕಾರಿನ ಕಡೆ ನಡೆದು ಹೋಗುವಾಗ ದಾರಿಯ ಎರಡೂ ಬದಿ ವಿದ್ಯಾರ್ಥಿಗಳು ಕೂತಿದ್ದರು. ಒಬ್ಬರೂ ಒಂದು ಮಾತಾಡಲಿಲ್ಲ. 2012ರಲ್ಲಿ ವಿಶ್ವವಿದ್ಯಾಲಯ 10 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಕಿರುಚುವ ಗುಂಪಿಗಿಂತ ಒಂದು ದನಿಯಲ್ಲಿ ಮಾತಾಡುವ ಗುಂಪಿಗೆ ಪೊಲೀಸರು ಬೇಗ ಬಗ್ಗುತ್ತಾರೆ. ಕಾರಣ ಸರಳ. ಕಿರುಚಾಟ ಅವರಿಗೂ ಭಯ ಹುಟ್ಟಿಸುತ್ತದೆ, ಭಯ ಬಿದ್ದ ಕೈ ಜೋರಾಗಿ ಹೊಡೆಯುತ್ತದೆ.

ನಮ್ಮ ದೇಶದ್ದು ನಿಮಗೆ ನೆನಪಿರಬಹುದು. 2014ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಮಧ್ಯರಾತ್ರಿ ಪೊಲೀಸರು ನುಗ್ಗಿ ಧರಣಿ ಕೂತವರನ್ನು ಎಳೆದಾಡಿದರು. ಹಾಗಾದ ಮೇಲೆ ಧರಣಿಗೂ ತಮಗೂ ಸಂಬಂಧ ಇಲ್ಲ ಅಂದುಕೊಂಡಿದ್ದವರೂ ಬೀದಿಗೆ ಬಂದರು. 2015ರ ಜನವರಿಯಲ್ಲಿ ಕುಲಪತಿ ರಾಜೀನಾಮೆ ಕೊಡಬೇಕಾಯಿತು. 2019ರ ಡಿಸೆಂಬರ್ 15ರಂದು ದೆಹಲಿಯ ಜಾಮಿಯಾ ಹತ್ತಿರದ ರಸ್ತೆಯಲ್ಲಿ ಕೆಳಗೆ ಬಿದ್ದ ಗೆಳೆಯನ ಸುತ್ತ ನಾಲ್ಕೈದು ಹುಡುಗಿಯರು ಅಡ್ಡ ನಿಂತು, ಲಾಠಿ ಹಿಡಿದವರಿಗೆ ಬೆರಳು ತೋರಿಸಿ ಹಿಂದೆ ಹೋಗಿ ಅಂದ ದೃಶ್ಯ ದೇಶವೆಲ್ಲ ನೋಡಿತು. ಅವರಿಗೂ ಏಟು ಬಿತ್ತು. ಆದರೆ ಹುಡುಗ ಉಳಿದ.

ಆ ಹುಡುಗಿಯರಿಂದ ಆಗಿದ್ದು ನಿಮ್ಮಿಂದ ಯಾಕೆ ಆಗಲಿಲ್ಲ? ಅವರು ಅವನ ಜೊತೆಗೇ ಬಂದಿದ್ದವರು. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಮಾಡಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಎದುರು ಒಬ್ಬ ಜಾರಿ ಬೀಳುತ್ತಾನೆ. ಅವರದ್ದೇ ಟೀಮಿನ ಅಂಗಿ ಹಾಕಿದ್ದರೆ ಓಡಿ ಬಂದು ಎತ್ತುತ್ತಾರೆ, ಎದುರು ಟೀಮಿನ ಅಂಗಿ ಇದ್ದರೆ ಹೆಚ್ಚಿನವರು ದಾಟಿ ಹೋಗುತ್ತಾರೆ. ಅದೇ ಜನರಿಗೆ ಮೊದಲೇ 'ನೀವು ಫುಟ್‌ಬಾಲ್ ಪ್ರೇಮಿಗಳು' ಅಂತ ಮಾತಾಡಿಸಿಟ್ಟರೆ ಎದುರು ಟೀಮಿನವನನ್ನೂ ಎತ್ತುತ್ತಾರೆ. ನಿಮ್ಮ ಗೇಟಿನಲ್ಲಿ ಅವತ್ತು 'ಧರಣಿಯವರು' ಮತ್ತು 'ಬಸ್ಸಿಗೆ ಕಾಯುವವರು' ಅಂತ ಎರಡು ಟೀಮ್ ಇತ್ತು. ಹುಡುಗ ನಿಮ್ಮ ಕ್ಲಾಸಿನವನೇ. ಆದರೆ ಆ ಹೊತ್ತಿನಲ್ಲಿ ಅವನು ಆ ಕಡೆಯವನಾಗಿ ಕಂಡ. ಇದೇ ಸತ್ಯ, ಕೇಳಲು ಕಹಿ. ಅವನ ಮುನಿಸಿಗೂ ಇದೇ ಕಾರಣ ಇರಬಹುದು.

ಇನ್ನೊಂದು ವಿಷಯ ನಾವು ಮರೆಯುತ್ತೇವೆ. ಅಲ್ಲಿ ನಿಮಗಿಂತ ಹತ್ತಿರ ನಿಂತು ನೋಡುತ್ತಿದ್ದವರು ಬೇರೆ ಇದ್ದರು: ಉಳಿದ ಪೊಲೀಸರು. ಒಬ್ಬರು ಬಿದ್ದವನಿಗೆ ಹೊಡೆಯುವಾಗ ಪಕ್ಕದ ನಾಲ್ವರು ಏನು ಮಾಡುತ್ತಿದ್ದರು? ನಿಮ್ಮ ವಿಡಿಯೋದಲ್ಲಿ ನೋಡಿ. ಕೆಲವೊಮ್ಮೆ ಒಬ್ಬ ಕಾನ್‌ಸ್ಟೇಬಲ್ ಇನ್ನೊಬ್ಬರ ತೋಳು ಹಿಡಿದು 'ಬಿಡಿ ಸಾಕು' ಅಂದಿರುತ್ತಾರೆ. ಅಂಥವರ ಹೇಳಿಕೆಗೆ ಆಮೇಲೆ ಬಹಳ ಬೆಲೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೊಲೀಸರಿಗೆ 2016ರಿಂದ ಇದನ್ನೇ ತರಬೇತಿಯಾಗಿ ಕೊಡುತ್ತಿದ್ದಾರೆ, ಜೊತೆಗಾರ ಕೈ ಮೀರಿದಾಗ ತಡೆಯುವುದು ಹೇಗೆ ಅಂತ. ಮಿನಿಯಾಪೊಲಿಸ್‌ನಲ್ಲಿ 2020ರ ಮೇ 25ರಂದು ಒಬ್ಬ ಪೊಲೀಸ್ ಅಧಿಕಾರಿಯ ಮಂಡಿಯ ಕೆಳಗೆ ಸಿಕ್ಕಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿದ್ದ ಉಳಿದ ಮೂವರು ಪೊಲೀಸರಿಗೂ 2022ರಲ್ಲಿ ಶಿಕ್ಷೆಯಾಯಿತು. ಅಷ್ಟೆಲ್ಲ ಆಗಿದ್ದು 17 ವರ್ಷದ ಒಬ್ಬ ಹುಡುಗಿ ಫುಟ್‌ಪಾತ್ ಮೇಲೆ ನಿಂತು ಕೈ ನಡುಗದೆ ಫೋನ್ ಹಿಡಿದಿದ್ದರಿಂದ. ಅವಳೂ ಹತ್ತಿರ ಹೋಗಿ ಬಿಡಿಸಿರಲಿಲ್ಲ.

ಈಗ ಕೇಸಿನ ಮಾತು. ಹತ್ತಿರ ಹೋಗಿದ್ದರೆ ಏನಾಗುತ್ತಿತ್ತು? ಹೇಗೆ ಹೋದಿರಿ ಅನ್ನುವುದರ ಮೇಲೆ ಇದೆ. ಲಾಠಿ ಹಿಡಿದರೆ, ತಳ್ಳಿದರೆ, ಹಿಡಿದವನನ್ನು ಕಿತ್ತುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಬರುತ್ತದೆ. ಹಿಂದೆ ಐಪಿಸಿ 353 ಅನ್ನುತ್ತಿದ್ದರಲ್ಲ, ಅದೇ. ಎರಡು ವರ್ಷದವರೆಗೆ ಶಿಕ್ಷೆ. ಪೊಲೀಸರಿಗೆ ಗಾಯ ಆದರೆ 121, ಐದು ವರ್ಷದವರೆಗೆ. ಕೆಲಸಕ್ಕೆ ಅಡ್ಡಿ ಮಾಡಿದರೆ 221, ಇದು ಮೂರು ತಿಂಗಳವರೆಗಿನ ಸಣ್ಣ ಕಲಂ. ಗೆಳೆಯನನ್ನು ಕಾಪಾಡಲು ಹೊಡೆದೆ ಅನ್ನುವ ವಾದ ಪೊಲೀಸರ ವಿರುದ್ಧ ಸುಲಭಕ್ಕೆ ನಡೆಯುವುದಿಲ್ಲ. ಸದುದ್ದೇಶದಿಂದ ಕರ್ತವ್ಯ ಮಾಡುತ್ತಿರುವ ನೌಕರನ ವಿರುದ್ಧ ಆತ್ಮರಕ್ಷಣೆಯ ಹಕ್ಕು ಹುಟ್ಟುವುದು ಸಾವು ಅಥವಾ ತೀವ್ರ ಗಾಯದ ಭಯ ಇದ್ದಾಗ ಮಾತ್ರ. ಆದ್ದರಿಂದ ಕೈ ಹಾಕಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸುಮ್ಮನೆ ನಿಂತು ನೋಡುವುದು ಅಪರಾಧ ಅಲ್ಲ. ಅಕ್ರಮ ಕೂಟದ ಸದಸ್ಯ ಅನ್ನಿಸಿಕೊಳ್ಳಲು ಆ ಕೂಟದ ಉದ್ದೇಶ ನಿಮ್ಮದೂ ಆಗಿರಬೇಕು. ಅಲ್ಲಿ ಇದ್ದಿರಿ ಅನ್ನುವುದು ಸಾಲದು. ಆದರೆ 'ಚದುರಿ' ಎಂಬ ಆದೇಶ ಬಂದ ಮೇಲೆ ನೋಡುವವರಿಗೂ ಪರಿಸ್ಥಿತಿ ಬದಲಾಗುತ್ತದೆ. ಆದೇಶ ಗೊತ್ತಿದ್ದೂ ಅದೇ ಗುಂಪಿನಲ್ಲಿ ಉಳಿದರೆ 189ನೇ ಕಲಂ ಕೆಳಗೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಹಿಂದಿನ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 172ರ ಪ್ರಕಾರ ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಪಾಲಿಸಲೇಬೇಕು. ಹಾಗಂತ ಮನೆಗೆ ಓಡಿ ಅಂತ ಅಲ್ಲ. ಗುಂಪು ಬಿಟ್ಟು ಹಿಂದೆ ಸರಿಯಿರಿ, ರಸ್ತೆ ಬಿಡಿ, ಎದುರಿನ ಅಂಗಡಿ ಮೆಟ್ಟಿಲು ಹತ್ತಿ. ಕಣ್ಣು ಮಾತ್ರ ತೆಗೆಯಬೇಡಿ.

ಪೊಲೀಸರಿಗೂ ಮಿತಿ ಇದೆ. ಸುರಕ್ಷಾ ಸಂಹಿತೆಯ 148ರಂತೆ ಮೊದಲು ಚದುರಲು ಆದೇಶ ಕೊಡಬೇಕು. ಅದನ್ನು ಕೊಡುವವರು ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕಡಿಮೆ ಅಲ್ಲದವರು. ಬಲ ಬಳಸುವುದು ಚದುರಿಸಲು. ಚದುರಿದವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು ಅಲ್ಲ, ಬಿದ್ದವನಿಗೆ ಬುದ್ಧಿ ಕಲಿಸಲೂ ಅಲ್ಲ. ಗುಂಪು ಹತೋಟಿಗೆ ಬಂದ ಮೇಲೂ ಹೊಡೆಯುವುದು ಅತಿಯಾದ ಬಲ ಎಂದು 2016ರಲ್ಲಿ ಅನಿತಾ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದ ವಾಕ್ಯ 'ಬಿದ್ದ ಮೇಲೂ' ಅನ್ನುವುದು. ಅದಕ್ಕೂ ಮುಂಚಿನ ಏಟುಗಳ ಬಗ್ಗೆ ಪೊಲೀಸರು ಏನಾದರೂ ಸಮಜಾಯಿಷಿ ಕೊಡಬಹುದು. ಇದಕ್ಕೆ ಕಷ್ಟ.

ಹಾಗಾದರೆ ಆ ನಿಮಿಷದಲ್ಲಿ ಏನು ಮಾಡಬಹುದಿತ್ತು? ಹೊಡೆಯುತ್ತಿರುವ ಕಾನ್‌ಸ್ಟೇಬಲ್ ಜೊತೆ ಮಾತಾಡಿ ಉಪಯೋಗ ಇಲ್ಲ, ಅವರ ಕಿವಿಗೆ ಆಗ ಏನೂ ಬೀಳುವುದಿಲ್ಲ. ಹೆಗಲ ಮೇಲೆ ನಕ್ಷತ್ರ ಇರುವವರನ್ನು ಹುಡುಕಿ. ಖಾಲಿ ಅಂಗೈ ಕಾಣುವ ಹಾಗೆ ಹಿಡಿದು, ದೂರದಿಂದಲೇ ಜೋರಾಗಿ, ಮರ್ಯಾದೆಯಿಂದ ಹೇಳಿ: "ಸರ್, ಹುಡುಗ ಬಿದ್ದಿದ್ದಾನೆ ಸರ್. ಸಾಕು ಮಾಡಿ ಸರ್. ನಾವು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ." ಒಬ್ಬರೇ ಅಲ್ಲ, ಪಕ್ಕದ ಇಬ್ಬರ ಹೆಸರು ಹಿಡಿದು ಕರೆದು ಜೊತೆಗೆ ಹೇಳಿಸಿ. ಹೆಸರು ಹಿಡಿದು ಕರೆದರೆ ಪಕ್ಕದವರ ಮುಖ ನೋಡುವ ಆಟ ನಿಲ್ಲುತ್ತದೆ. ಈ ಮಾತಿಗೆ ಏಟು ನಿಂತೇ ನಿಲ್ಲುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಆದರೆ ನಿಲ್ಲಿಸಲು ಅಧಿಕಾರಿಗೆ ಒಂದು ನೆಪ ಸಿಗುತ್ತದೆ. ಬಹಳ ಸಲ ಅವರು ಹುಡುಕುತ್ತಿರುವುದೂ ಅದನ್ನೇ. ವ್ಯಾನಿಗೆ ಹತ್ತಿಸಿದರೆ ಯಾವ ಠಾಣೆ ಎಂದು ಕೇಳಿ, ವ್ಯಾನಿನ ನಂಬರ್ ಬರೆದುಕೊಳ್ಳಿ, ಮನೆಯವರಿಗೆ ಫೋನ್ ಮಾಡಿ. ಬಂಧಿಸುವವರು ತಮ್ಮ ಹೆಸರು ಕಾಣುವಂತೆ ಹಾಕಿರಬೇಕು, ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೋ ಆ ಜಾಗದ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕು. 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮ, ಈಗ ಸುರಕ್ಷಾ ಸಂಹಿತೆಯ 36ನೇ ಕಲಂ. ನಿಮ್ಮ ಮೇಷ್ಟ್ರೊಬ್ಬರು ಠಾಣೆಗೆ ಹೋಗಿ ಆ ಸಹಿ ಹಾಕಬಹುದು.

ಇನ್ನು ವೆರಿಫಿಕೇಶನ್ ಭಯ. ಸಾಕ್ಷಿ ಹೇಳಿದವರ ಮೇಲೆ ಕೇಸ್ ಇರುವುದಿಲ್ಲ, ಹಾಗಾಗಿ ಫಾರಂನಲ್ಲಿ ಬರೆಯಲೂ ಏನೂ ಇರುವುದಿಲ್ಲ. ಕೇಸ್ ಇದ್ದರೂ ಕೆಲಸ ಹೋಯಿತು ಅಂತ ಅಲ್ಲ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಕರಣ ಎಷ್ಟು ಗಂಭೀರ, ಅಭ್ಯರ್ಥಿ ನಿಜ ಹೇಳಿದ್ದಾರಾ ಇಲ್ಲವಾ ಎಂಬುದನ್ನೆಲ್ಲ ನೋಡಿ ತೀರ್ಮಾನಿಸಬೇಕು ಎಂದಿತು. ವಿದ್ಯಾರ್ಥಿ ವಯಸ್ಸಿನ ಸಣ್ಣ ಪ್ರಕರಣಗಳನ್ನು ಮನ್ನಿಸಬಹುದು. ಮುಚ್ಚಿಟ್ಟವರಿಗೇ ಕಷ್ಟ ಜಾಸ್ತಿ.

ಉಳಿದರ್ಧ ಕೆಲಸಕ್ಕೆ ಬರುತ್ತೇನೆ. ನಮ್ಮ ಪಕ್ಕದ ವಿದುರಾಶ್ವತ್ಥ ಗೊತ್ತಲ್ಲ, ಗೌರಿಬಿದನೂರು ಹತ್ತಿರ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ವೇಪ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆಯೂ ನಡೆಯಿತು. ಆದರೂ ಎಷ್ಟು ಜನ ಸತ್ತರು ಅನ್ನುವುದಕ್ಕೆ ಸರ್ಕಾರದ ಲೆಕ್ಕ ಒಂದು, ಊರಿನವರ ಲೆಕ್ಕ ಇನ್ನೊಂದು. ಇವತ್ತಿಗೂ ಸರ್ಕಾರಿ ಲೆಕ್ಕದ ಹತ್ತರ ಪಕ್ಕದಲ್ಲಿ ಸ್ಥಳೀಯರ 32 ನಿಂತಿದೆ. ನೂರಾರು ಜನ ನೋಡಿದ್ದರು. ನೋಡಿದ್ದು ಬೇಗ ಬರಹಕ್ಕೆ ಇಳಿಯದಿದ್ದರೆ ಹೀಗಾಗುತ್ತದೆ.

ಆದ್ದರಿಂದ ಇವತ್ತೇ ಕೂತು ಬರೆಯಿರಿ. ದಿನಾಂಕ, ಸಮಯ, ನೀವು ನಿಂತಿದ್ದ ಜಾಗ, ಅವನಿಗೂ ನಿಮಗೂ ಎಷ್ಟು ದೂರ, ಚದುರಲು ಆದೇಶ ಕೇಳಿಸಿತಾ, ಎಷ್ಟು ಏಟು ಕಣ್ಣಾರೆ ನೋಡಿದಿರಿ, ಮೈಯ ಯಾವ ಭಾಗಕ್ಕೆ. ಎಷ್ಟೆಂದು ಸರಿಯಾಗಿ ಗೊತ್ತಿಲ್ಲದಿದ್ದರೆ 'ಎರಡೋ ಮೂರೋ' ಅಂತಲೇ ಬರೆಯಿರಿ. ಯಾರೋ ಹೇಳಿದ್ದನ್ನು ಸೇರಿಸಬೇಡಿ. ಸಹಿ, ದಿನಾಂಕ ಹಾಕಿ. ಜೊತೆಗಿದ್ದವರು ಬೇರೆ ಬೇರೆ ಕೂತು ತಮ್ಮದನ್ನು ತಾವೇ ಬರೆಯಲಿ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದರೆ ಪಾಟಿ ಸವಾಲಿನಲ್ಲಿ ಐದು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ.

ಹುಡುಗ ಆಸ್ಪತ್ರೆಗೆ ಹೋಗಿದ್ದನಾ ಕೇಳಿ. ಲಾಠಿಯಂಥ ಗುಂಡಗಿನ ಕೋಲಿನ ಏಟಿಗೆ ಚರ್ಮದ ಮೇಲೆ ರೈಲು ಹಳಿಯ ಹಾಗೆ ಎರಡು ಕೆಂಪು ಗೆರೆ ಮೂಡುತ್ತವೆ, ನಡುವೆ ಬಿಳಿಚಿರುತ್ತದೆ. ಕೋಲು ಬಿದ್ದ ಜಾಗದ ರಕ್ತ ಎರಡು ಬದಿಗೆ ತಳ್ಳಲ್ಪಟ್ಟು, ಅಂಚಿನ ಸಣ್ಣ ನಾಳಗಳು ಒಡೆಯುವುದರಿಂದ ಹೀಗೆ. ಬಿದ್ದು ಆದ ಗಾಯ ಹೀಗಿರುವುದಿಲ್ಲ. 'ಓಡುವಾಗ ಬಿದ್ದ' ಎಂಬ ವಾದಕ್ಕೆ ಆ ಎರಡು ಗೆರೆಯೇ ಉತ್ತರ. ಕೆಲವು ವಾರಕ್ಕೆ ಅದು ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ. ಅವತ್ತೇ ಫೋಟೋ ತೆಗೆದಿದ್ದರೆ, ಜಿಲ್ಲಾಸ್ಪತ್ರೆಯಲ್ಲಿ ಎಂಎಲ್‌ಸಿ (ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿದ್ದರೆ ಒಳ್ಳೆಯದು. ಮುಂದೆ ಯಾರಿಗಾದರೂ ಹೀಗಾದರೆ ಒಂದು ನೆನಪಿಡಿ: ತುಂಬಾ ಏಟು ತಿಂದವರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಜಜ್ಜಿದ ಮಾಂಸಖಂಡದಿಂದ ಬರುವ ಅಂಶ ಕಿಡ್ನಿ ಕೆಡಿಸುತ್ತದೆ.

ದೂರು ಕೊಡಬೇಕೋ ಬೇಡವೋ ಅವನ ನಿರ್ಧಾರ. ಅವನಿಗಿಂತ ಮೊದಲು ನೀವು ಓಡಬೇಡಿ. ಕೊಡುವುದಾದರೆ ಎಸ್ಪಿ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ಕೊಡಬಹುದು, ವಕೀಲರೂ ಬೇಕಿಲ್ಲ. ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸ್ ನಡೆಸುವ ದಾರಿ ಉದ್ದ. ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ಪ್ರಕಾರ ಕರ್ತವ್ಯದ ನೆರಳಿನಲ್ಲಿ ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕು. ಕರ್ತವ್ಯ ಮಾಡುತ್ತಾ ಮಿತಿ ಮೀರಿದರೂ ಅನುಮತಿ ಬೇಕಾಗುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಸದ್ಯದ ಕಾನೂನು ಹೀಗಿದೆ.

ಕೊನೆಗೆ ನಿಮ್ಮ ವಿಡಿಯೋ. ರಸ್ತೆಯಲ್ಲಿ ನಿಂತು ಪೊಲೀಸರ ಕೆಲಸ ರೆಕಾರ್ಡ್ ಮಾಡಬಾರದು ಅನ್ನುವ ಕಾನೂನು ಇಲ್ಲ. ಡಿಲೀಟ್ ಮಾಡು ಎಂದರೆ ಮಾಡಬೇಕಿಲ್ಲ. ಫೋನನ್ನೇ ವಶಕ್ಕೆ ಪಡೆದರೆ ಬರಹದಲ್ಲಿ ರಸೀದಿ ಕೇಳಿ. ವಿಡಿಯೋವನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಸ್ಟೇಟಸ್‌ಗೆ ಹಾಕಬೇಡಿ. ಅದರಲ್ಲಿ ಧರಣಿ ಕೂತ ಬೇರೆ ಹುಡುಗರ ಮುಖಗಳೂ ಇವೆ. ನೀವು ಹಾಕಿದ ವಿಡಿಯೋದಿಂದಲೇ ಅವರನ್ನು ಗುರುತಿಸಿ ನೋಟಿಸ್ ಕಳಿಸಬಹುದು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ವಿಡಿಯೋ ಕುಗ್ಗುತ್ತದೆ, ಯಾವಾಗ ತೆಗೆದಿದ್ದು ಎಂಬ ವಿವರವೂ ಉಳಿಯುವುದಿಲ್ಲ. ಕೇಬಲ್ ಹಾಕಿ ಒಂದು ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿ. ಮೂಲ ಫೈಲ್ ಫೋನಿನಲ್ಲೇ ಇರಲಿ, ಆ ಫೋನನ್ನು ಸದ್ಯಕ್ಕೆ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಫೈಲ್ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆ ಅದರಲ್ಲಿ ಇರಬೇಕು, ತಜ್ಞರ ಸಹಿಯೂ ಬೇಕು. ಅದನ್ನು ವಕೀಲರು ಮಾಡಿಸುತ್ತಾರೆ.

ಆ ಪೆನ್‌ಡ್ರೈವನ್ನೂ ನೀವು ಬರೆದ ಹಾಳೆಯನ್ನೂ ಒಂದು ಕವರಿನಲ್ಲಿ ಹಾಕಿ ಅವನ ರೂಮಿಗೆ ಹೋಗಿ. ಯಾಕೆ ಬರಲಿಲ್ಲ ಅಂತ ವಿವರಣೆ ಕೊಡುತ್ತಾ ಕೂರಬೇಡಿ, ಲಟಾನೆ ಡಾರ್ಲಿ ಕಥೆ ಅವನಿಗೆ ಬೇಡ. 'ನಾನು ನೋಡಿದ್ದನ್ನ ಬರೆದಿದ್ದೀನಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ' ಅಂದರೆ ಸಾಕು. ಅವನು ದೂರು ಬೇಡ ಅಂದರೆ ಕವರ್ ನಿಮ್ಮ ಹತ್ತಿರವೇ ಇರಲಿ. ಆಯೋಗಕ್ಕೆ ಹೋಗಲು ಒಂದು ವರ್ಷ ಇದೆ, ಮನಸ್ಸು ಬದಲಾಗಬಹುದು.